ಬ್ಲೇಡು ಒಂದು, ಬಾಯಿ ನಾಲ್ಕು

ನಮ್ಮ ಮನೆಯಲ್ಲಿ ಯಾವ ಕ್ರಾಂತಿಯಾದರೂ ಹುಟ್ಟುವುದು ಅಡುಗೆಮನೆಯಲ್ಲಿ. ಅದು ಬಚ್ಚಲುಮನೆಗೆ ಬರುವ ಹೊತ್ತಿಗೆ ಬಲಿಯಾಗುವವನು ನಾನು. ಮಗಳು ಕಾಲೇಜಿನ ಪರಿಸರ ಕ್ಲಬ್ಬು ಸೇರಿದ್ದೇ ತಡ, ಪಾತ್ರೆ ತಿಕ್ಕುವ ಸ್ಪಾಂಜು ಹೋಗಿ ಹೀರೇಕಾಯಿ ನಾರು ಬಂತು. ಬಾಟಲಿಯ ಲಿಕ್ವಿಡ್ಡು ಹೋಗಿ ಅಂಟುವಾಳಕಾಯಿ ಬಂತು. ಹಲ್ಲುಜ್ಜುವ ಬ್ರಷ್ಷು ಬಿದಿರಿನದಾಯಿತು. ಇಷ್ಟೆಲ್ಲ ಆಗುವಾಗಲೂ ಕನ್ನಡಿಯ ಹಿಂದಿನ ಗೂಡಿನಲ್ಲಿ ನನ್ನ ಯೂಸ್ ಅಂಡ್ ಥ್ರೋ ರೇಜರುಗಳು ಯಾರ ಕಣ್ಣಿಗೂ ಬೀಳದೆ ತಣ್ಣಗೆ ಬದುಕಿಕೊಂಡಿದ್ದವು. ಯೂಸ್ ಮಾಡುವುದರಲ್ಲಿ ನಾನು ಪಳಗಿದವನು, ಥ್ರೋ ಮಾಡುವುದು ಮಾತ್ರ ನನ್ನ ಕೈಲಾಗದು. ‘ಇನ್ನೊಂದು ಸಲ ಬರುತ್ತೆ’ ಎಂದು ಎತ್ತಿಟ್ಟವು ಅಲ್ಲಿ ಹಿಂಡುಗಟ್ಟಿದ್ದವು.

ಒಂದು ಭಾನುವಾರ ಮಗಳು ಅವನ್ನೆಲ್ಲ ಹೊರಗೆಳೆದು, ಪೊಲೀಸರು ವಶಪಡಿಸಿಕೊಂಡ ಮಾಲನ್ನು ಪತ್ರಕರ್ತರ ಮುಂದೆ ಜೋಡಿಸುವ ಹಾಗೆ, ಊಟದ ಟೇಬಲ್ಲಿನ ಮೇಲೆ ಸಾಲಾಗಿ ಜೋಡಿಸಿದಳು.

“ಅಪ್ಪಾ, ಇದು ಪ್ಲಾಸ್ಟಿಕ್ಕೂ ಅಲ್ಲ, ಸ್ಟೀಲೂ ಅಲ್ಲ. ಹಿಡಿ ಪ್ಲಾಸ್ಟಿಕ್, ಬಾಯಿ ಸ್ಟೀಲು, ಮಧ್ಯೆ ರಬ್ಬರು. ಇದನ್ನ ಬಿಡಿಸ್ತಾ ಕೂರೋರು ಯಾರು? ಗುಜರಿಯೋರೂ ಮುಟ್ಟಲ್ಲ.”

ನಾನು ಕಾನೂನಿನ ಮೊರೆ ಹೋದೆ. 2022ರ ಜುಲೈ 1ರಿಂದ ಕೇಂದ್ರ ಸರ್ಕಾರ ನಿಷೇಧಿಸಿದ ಪ್ಲಾಸ್ಟಿಕ್ ಪಟ್ಟಿಯಲ್ಲಿ ಕಿವಿಗೆ ಹಾಕುವ ಕಡ್ಡಿ ಇದೆ, ಸ್ಟ್ರಾ ಇದೆ, ಚಮಚ ಇದೆ, ಬಲೂನಿನ ಕಡ್ಡಿ ಕೂಡ ಇದೆ. ರೇಜರ್ ಇಲ್ಲ. ಸರ್ಕಾರಕ್ಕೇ ಇಲ್ಲದ ತಕರಾರು ನಿನಗ್ಯಾಕೆ ಎಂದೆ.

“ಪಟ್ಟಿ ಮಾಡಿದೋರು ಗಡ್ಡ ಬಿಟ್ಟೋರಿರ್ಬೇಕು” ಎಂದಳು.

ಹೆಂಡತಿ ಮಗಳ ಕಡೆ ನಿಂತದ್ದು ಪರಿಸರದ ಮೇಲಿನ ಪ್ರೀತಿಯಿಂದಲ್ಲ. ಅವಳಿಗೆ ಹಳೆಯ ಲೆಕ್ಕವೊಂದು ಬಾಕಿಯಿತ್ತು. ಯೂಸ್ ಅಂಡ್ ಥ್ರೋಗೆ ಇಳಿಯುವ ಮೊದಲು ನಾನು ಕಾರ್ಟ್ರಿಜ್ ಕಾಲದಲ್ಲಿದ್ದವನು. ಅಮೆರಿಕದಲ್ಲಿ 1971ರಲ್ಲಿ ಎರಡು ಬ್ಲೇಡಿನ ಕಾರ್ಟ್ರಿಜ್ ಬಂತು, 1998ರಲ್ಲಿ ಮೂರಾಯಿತು, 2006ಕ್ಕೆ ಐದಾಯಿತು. ಆಫೀಸಿನಲ್ಲಿ ನನಗೆ ಸಿಗದ ಬಡ್ತಿ ಬ್ಲೇಡಿಗೆ ಸಿಗುತ್ತಿತ್ತು, ಅದರ ಸಂಬಳ ಮಾತ್ರ ನನ್ನ ಜೇಬಿನಿಂದ ಹೋಗುತ್ತಿತ್ತು. ಮೊದಲನೆಯ ಬ್ಲೇಡು ಕೂದಲನ್ನು ಎತ್ತುತ್ತದೆ, ಎರಡನೆಯದು ಕತ್ತರಿಸುತ್ತದೆ ಎಂದು ಜಾಹೀರಾತು ಹೇಳುತ್ತದೆ. ಉಳಿದ ಮೂರು ಏನು ಮಾಡುತ್ತವೆ ಎಂದು ಹೆಂಡತಿ ಕೇಳಿದ್ದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. “ನಿಮ್ಮ ಆಫೀಸಲ್ಲೂ ಹಾಗೇ ಅಲ್ವೇನ್ರೀ? ಇಬ್ರು ಕೆಲ್ಸ ಮಾಡ್ತಾರೆ, ಮೂರು ಜನ ಮೇಲ್ವಿಚಾರಣೆ” ಎಂದು ಅವಳೇ ಬಗೆಹರಿಸಿಕೊಂಡಿದ್ದಳು.

ಇನ್ನು ಮಗರಾಯ. 2018ರಲ್ಲಿ ‘ಕೆಜಿಎಫ್’ ಬಿಡುಗಡೆಯಾದಾಗ ಅವನ ಗಲ್ಲದ ಮೇಲೆ ಬಿಡುಗಡೆಗೆ ಏನೂ ಇರಲಿಲ್ಲ. ಬರಬೇಕಾದದ್ದು ಬಂದ ಮೇಲೆ ಅದನ್ನು ಒಂದು ದಿನವೂ ವ್ಯರ್ಥ ಮಾಡಿಲ್ಲ. ಎದೆಗೆ ತಾಗುವ ಗಡ್ಡ. ಅದಕ್ಕೆ ಎಣ್ಣೆ ಬೇರೆ, ಬಾಚಣಿಗೆ ಬೇರೆ. ಅವನು ಟೇಬಲ್ಲಿನ ಮೇಲಿದ್ದ ಸಾಕ್ಷ್ಯಾಧಾರಗಳನ್ನು ನೋಡಿ, “ನೋಡಪ್ಪಾ, ಶೇವೇ ಮಾಡದಿದ್ರೆ ಝೀರೋ ವೇಸ್ಟು. ಈ ಮನೇಲಿ ನಿಜವಾದ ಪರಿಸರವಾದಿ ನಾನೊಬ್ನೇ” ಎಂದು ಗಡ್ಡ ನೀವಿಕೊಂಡು ಹೊರಟುಹೋದ. ತರ್ಕದಲ್ಲಿ ತಪ್ಪು ಹುಡುಕುವುದಕ್ಕೆ ನನಗೆ ಇವತ್ತಿಗೂ ಆಗಿಲ್ಲ.

ತೀರ್ಪು ಬಂತು: ಸ್ಟೀಲಿನ ರೇಜರು, ಒಂದೇ ಬ್ಲೇಡು, ಜೀವಮಾನಕ್ಕೆ ಒಂದು.

“ಅದೇನು ಹೊಸದಾ? ನಿಮ್ಮಪ್ಪನ ಹತ್ರ ಇತ್ತಲ್ಲೋ ಶೇವಿಂಗ್ ಸೆಟ್ಟು” ಎಂದಳು ಅಮ್ಮ.

ಇತ್ತು. ಹಿತ್ತಾಳೆಯದು, ಮೇಲೆ ಬೆಳ್ಳಿಬಣ್ಣದ ಲೇಪ, ಹಿಡಿಯ ಬುಡ ತಿರುಗಿಸಿದರೆ ಮೇಲಿನ ಎರಡು ಬಾಗಿಲು ಚಿಟ್ಟೆಯ ರೆಕ್ಕೆಯಂತೆ ತೆರೆದುಕೊಳ್ಳುವಂಥದ್ದು. ಇವತ್ತು ಅಂಥದ್ದನ್ನೇ ವೆಲ್ವೆಟ್ ಪೆಟ್ಟಿಗೆಯಲ್ಲಿಟ್ಟು ‘ವಿಂಟೇಜ್’ ಎಂದು ಸಾವಿರಗಟ್ಟಲೆ ರೂಪಾಯಿಗೆ ಮಾರುತ್ತಾರೆ. ಎಲ್ಲಿದೆಯಮ್ಮಾ ಅದು ಎಂದು ನಾನು ಆಗಲೇ ಅಟ್ಟ ಹತ್ತಲು ಸ್ಟೂಲು ಎಳೆಯುತ್ತಿದ್ದೆ.

“ಪಾತ್ರೆ ಮಾರೋಳಿಗೆ ಕೊಟ್ಟೆ. ನಿಮ್ಮಪ್ಪ ಹೋದ್ಮೇಲೆ ಅದನ್ನಿಟ್ಕೊಂಡು ನಾನೇನು ಮಾಡ್ಲಿ? ಒಂದು ಇಕ್ಕಳ ಕೊಟ್ಳು. ನೀನು ದಿನಾ ಕಾಫಿ ಪಾತ್ರೆ ಇಳಿಸ್ತೀಯಲ್ಲ, ಅದೇ ಇಕ್ಕಳ. ಗಟ್ಟಿಮುಟ್ಟಾಗಿದೆ.”

ಅಪ್ಪನ ಆಸ್ತಿಯಲ್ಲಿ ನನ್ನ ಪಾಲಿಗೆ ಬಂದದ್ದು ಇಕ್ಕಳ ಎಂದು ಅಂದು ತಿಳಿಯಿತು.

ಅಮ್ಮ ಅಷ್ಟಕ್ಕೇ ನಿಲ್ಲಿಸಲಿಲ್ಲ. ಅಪ್ಪನ ಕಾಲದಲ್ಲಿ ಒಂದು ಬ್ಲೇಡಿನ ಬಾಳು ಹೇಗಿತ್ತು ಎಂಬುದನ್ನು ಮೊಮ್ಮಗಳಿಗೆ ವಿವರಿಸಿದಳು. ಮೊದಲು ಮುಖ. ಮೊಂಡಾದರೆ ಗಾಜಿನ ಲೋಟದ ಒಳಮೈಗೆ ಬೆರಳಿನಿಂದ ಒತ್ತಿ ಹಿಂದೆ ಮುಂದೆ ಉಜ್ಜಿ ಮತ್ತೆ ಮುಖ. ಅಲ್ಲಿಂದ ನಿವೃತ್ತಿಯಾದ ಮೇಲೆ ಅರ್ಧಕ್ಕೆ ಮುರಿದು, ಒಂದು ತುಂಡು ಮಕ್ಕಳ ಪೆನ್ಸಿಲ್ ಕೆತ್ತುವುದಕ್ಕೆ, ಇನ್ನೊಂದು ತುಂಡು ಅಮ್ಮನ ಹೊಲಿಗೆ ಡಬ್ಬಿಗೆ. ಆಮೇಲೆ ಕಾಲಿನ ಉಗುರು. ಕೊನೆಗೆ ತುಕ್ಕು ಹಿಡಿದದ್ದರಿಂದ ಕಿಟಕಿಯ ಗಾಜಿಗೆ ಮೆತ್ತಿದ ಪೇಂಟು ಕೆರೆಯುವುದು. ಮಗಳು ಬಾಯಿ ಬಿಟ್ಟುಕೊಂಡು ಕೇಳಿದಳು. “ಅಜ್ಜೀ, ಇದನ್ನ ನಮ್ಮ ಕ್ಲಬ್ಬಲ್ಲಿ ಬಂದು ಹೇಳ್ತೀಯಾ?” ನಾನೂ ಅದೇ ಮನೆಯಲ್ಲಿ, ಅದೇ ಬ್ಲೇಡಿನಿಂದ ಪೆನ್ಸಿಲ್ ಕೆತ್ತಿ ಬೆರಳು ಕುಯ್ದುಕೊಂಡು ಬೆಳೆದವನು ಎಂಬುದು ಯಾರಿಗೂ ನೆನಪಿಗೆ ಬರಲಿಲ್ಲ.

ಖರೀದಿಯ ಕಥೆ ಚುಟುಕಾಗಿ ಹೇಳಿ ಮುಗಿಸುತ್ತೇನೆ, ಹೆಂಡತಿ ಈ ಲೇಖನ ಓದುವವಳಿದ್ದಾಳೆ. ರೇಜರು ಬಂತು. ರೇಜರಿಗೆ ಸ್ಟ್ಯಾಂಡು ಬೇಕು, ಒದ್ದೆ ಇಟ್ಟರೆ ಕೆಡುತ್ತದಂತೆ. ಸ್ಟ್ಯಾಂಡಿನಲ್ಲಿ ಇನ್ನೊಂದು ಕೊಕ್ಕೆ ಖಾಲಿ ಇತ್ತು, ಅದಕ್ಕೊಂದು ಬ್ರಷ್ಷು. ಬ್ರಷ್ಷಿಗೆ ಬಟ್ಟಲು, ಬಟ್ಟಲಿಗೆ ಸೋಪು, ಸೋಪಿಗೆ ಮುಂಚೆ ಹಚ್ಚುವ ಎಣ್ಣೆ, ಆಮೇಲೆ ಉಜ್ಜುವ ಪಟಿಕದ ಬಿಲ್ಲೆ. ಪ್ಲಾಸ್ಟಿಕ್ಕನ್ನು ಮನೆಯಿಂದ ಓಡಿಸಲು ಬಂದ ಇವರೆಲ್ಲರೂ ಗುಳ್ಳೆಗುಳ್ಳೆ ಪ್ಲಾಸ್ಟಿಕ್ಕಿನ ಹೊದಿಕೆಯಲ್ಲೇ ಬಂದಿಳಿದರು. ಬ್ಲೇಡು ಒಂದಕ್ಕೆ ಕೆಲವೇ ರೂಪಾಯಿ, ಕಾರ್ಟ್ರಿಜ್ಜಿನ ಮುಂದೆ ಪುಕ್ಕಟೆ ಎಂದು ನಾನು ಒತ್ತಿ ಒತ್ತಿ ಹೇಳಿದೆ. “ಉಳಿತಾಯ ಯಾವ ವರ್ಷ ಶುರುವಾಗುತ್ತೆ, ಅದನ್ನ ಹೇಳಿ” ಎಂದಳು.

ಅವಳ ಗಮನ ಬೇರೆಡೆ ಸೆಳೆಯಲು ರಾತ್ರಿ ಊಟಕ್ಕೆ ಕೂತಾಗ ಚರಿತ್ರೆ ತೆಗೆದೆ. ಗಡ್ಡ ಕೆರೆಯುವ ಕತ್ತಿಗೆ ಚರ್ಮ ಕುಯ್ಯದಂತೆ ಅಡ್ಡಪಟ್ಟಿ ಇಟ್ಟು 1880ರಲ್ಲೇ ನ್ಯೂಯಾರ್ಕಿನ ಕಾಂಫೆ ಸೋದರರು ಪೇಟೆಂಟ್ ಪಡೆದಿದ್ದರು. ಆದರೆ ಅದರ ಅಲಗನ್ನು ದಿನಾ ಮಸೆಯಬೇಕಿತ್ತು. ಮಸೆಯುವ ಕಾಟ ತಪ್ಪಿಸಿದವನು ಕಿಂಗ್ ಕ್ಯಾಂಪ್ ಜಿಲೆಟ್. ಕಿಂಗ್ ಎನ್ನುವುದು ಬಿರುದಲ್ಲ, ತೊಟ್ಟಿಲಲ್ಲಿ ಇಟ್ಟ ಹೆಸರು. ಕಸುಬು ಬಾಟಲಿ ಮುಚ್ಚಳ ಮಾರುವುದು. ಸೋಡಾ ಬಾಟಲಿಗೆ ಹಾಕುವ ಅಂಚು ನೆರಿಗೆಯ ಮುಚ್ಚಳ ಇದೆಯಲ್ಲ, ಅದನ್ನು ಕಂಡುಹಿಡಿದ ವಿಲಿಯಂ ಪೇಂಟರ್ ಎಂಬಾತನೇ ಇವನ ಧಣಿ. ಆ ಧಣಿ ಇವನ ಕಿವಿಯಲ್ಲಿ ಊದಿದ ಮಂತ್ರ ಇಷ್ಟೇ: ಜನ ಒಮ್ಮೆ ಬಳಸಿ ಬಿಸಾಡುವಂಥದ್ದನ್ನು ಮಾಡು, ಅವರು ಮತ್ತೆ ನಿನ್ನ ಬಳಿಗೇ ಬರಬೇಕು. 1895ರಲ್ಲಿ ಒಂದು ಬೆಳಿಗ್ಗೆ ಮೊಂಡುಗತ್ತಿ ಹಿಡಿದು ಗಡ್ಡದ ಜೊತೆ ಗುದ್ದಾಡುತ್ತಿದ್ದಾಗ ಜಿಲೆಟ್‌ಗೆ ಹೊಳೆಯಿತು: ಕತ್ತಿಗೆ ಬೇಕಾದದ್ದು ಅಂಚು ಮಾತ್ರ, ಉಳಿದ ಉಕ್ಕೆಲ್ಲ ದಂಡ. ಕಾಗದದಷ್ಟು ತೆಳುವಾದ ಉಕ್ಕಿನ ಹಾಳೆಗೆ ಅಂಚು ಹಿಡಿಸುವುದು ಆಗದ ಮಾತು ಎಂದು ತಿಳಿದವರೆಲ್ಲ ಕೈಚೆಲ್ಲಿದರು. ವಿಲಿಯಂ ನಿಕರ್ಸನ್ ಎಂಬ ಎಂಜಿನಿಯರು ಅದಕ್ಕೆ ದಾರಿ ಕಂಡುಹಿಡಿದ. 1903ರಲ್ಲಿ ಇಡೀ ವರ್ಷಕ್ಕೆ ಮಾರಾಟವಾದದ್ದು 51 ರೇಜರು, 168 ಬ್ಲೇಡು. ಮರುವರ್ಷ 90,000ಕ್ಕೂ ಹೆಚ್ಚು ರೇಜರು!

ನಾನು ಅನ್ನಕ್ಕೆ ಮಜ್ಜಿಗೆ ಹಾಕಿಕೊಳ್ಳುವುದನ್ನೂ ಮರೆತು ಹೇಳುತ್ತಿದ್ದೆ. ಹೆಂಡತಿ ಮಜ್ಜಿಗೆ ಬಡಿಸುತ್ತಾ, “ಅಂದ್ರೆ ಲೋಕಕ್ಕೆಲ್ಲಾ ಬಿಸಾಡೋ ಚಟ ಹಚ್ಚಿದೋನು ಈ ಮಹಾರಾಯನೇ. ಬಿಸಾಡಬಾರ್ದು ಅಂತ ಅವನ ರೇಜರನ್ನೇ ತಂದಿದ್ದೀರಿ” ಎಂದಳು.

ಮಗಳು ಕೂಡಲೇ ನನ್ನ ನೆರವಿಗೆ ಬಂದು, “ಇಲ್ಲಮ್ಮಾ, ಬ್ಲೇಡು ಬರೀ ಸ್ಟೀಲು, ಕರಗಿಸಬಹುದು” ಎಂದದ್ದರಿಂದ ಮಾನ ಉಳಿಯಿತು. ಉಳಿದ ಮಾನವನ್ನು ಸುಮ್ಮನೆ ಇಟ್ಟುಕೊಳ್ಳದೆ, ಈ ಜಿಲೆಟ್ ದುಡ್ಡು ಮಾಡುವ ಮುಂಚೆ 1894ರಲ್ಲಿ ಒಂದು ಪುಸ್ತಕ ಬರೆದಿದ್ದ, ಅದರಲ್ಲಿ ಪೈಪೋಟಿಯೇ ಸಕಲ ಪಾಪಗಳ ಮೂಲ ಎಂದಿದ್ದ, ಅಮೆರಿಕದವರೆಲ್ಲ ನಯಾಗರ ಜಲಪಾತದ ಬಳಿ ಒಂದೇ ಒಂದು ಮಹಾನಗರ ಕಟ್ಟಿಕೊಂಡು ಆ ನೀರಿನ ಶಕ್ತಿಯಲ್ಲಿ ಬಾಳಬೇಕು ಎಂದಿದ್ದ ಅಂತಲೂ ಸೇರಿಸಿದೆ.

“ಎಲ್ಲಾರೂ ಒಂದೇ ಊರಲ್ಲಿ ಇರ್ಬೇಕು ಅಂದ್ನಾ?” ಎಂದಳು ಹೆಂಡತಿ. “ಪಾಪ, ಬೆಂಗಳೂರು ನೋಡಿರ್ಲಿಲ್ಲ.”

ಮಾರನೆಯ ಬೆಳಿಗ್ಗೆ ಪಟ್ಟಾಭಿಷೇಕ. ರೇಜರು ಬಿಚ್ಚಿದರೆ ಮೂರು ತುಂಡು: ತಲೆ, ತಟ್ಟೆ, ಹಿಡಿ. ಬ್ಲೇಡು ಎರಡು ಕಾಗದದೊಳಗೆ ಮಲಗಿರುತ್ತದೆ. ಒಳಗಿನ ಕಾಗದಕ್ಕೆ ಅಂಟಿನ ಸಣ್ಣ ಚುಕ್ಕೆ, ಕಾಗದ ಸರಿಸುವಾಗಲೇ ಹೆಬ್ಬೆರಳು ಹುಷಾರಾಗಿರಬೇಕು. ಬ್ಲೇಡಿನ ದಪ್ಪ 0.1 ಮಿಲಿಮೀಟರ್. ಎರಡು ಬೆರಳಲ್ಲಿ ಹಿಡಿದರೆ ಬಳುಕುತ್ತದೆ. ತಲೆಗೂ ತಟ್ಟೆಗೂ ನಡುವೆ ಇಟ್ಟು ಹಿಡಿ ತಿರುಗಿಸುತ್ತಾ ಹೋದ ಹಾಗೆ ಆ ಬಳುಕುವ ಬ್ಲೇಡು ಬಿಲ್ಲಿನಂತೆ ಬಾಗಿ ಬಿಗಿಯಾಗಿ, ಎರಡೂ ಕಡೆ ಒಂದೊಂದು ನೂಲಿನಷ್ಟು ಅಂಚು ಹೊರಗೆ ಇಣುಕುತ್ತದೆ. ನೋಡಿ ನನಗೆ ಮೈ ಜುಮ್ಮೆಂದಿತು. ಸಂತೋಷಕ್ಕೋ ಭಯಕ್ಕೋ ಎಂದು ಆಗ ತಿಳಿದಿರಲಿಲ್ಲ.

ಹಿಡಿ ಮುಖಕ್ಕೆ ಸುಮಾರು 30 ಡಿಗ್ರಿ ಕೋನದಲ್ಲಿರಬೇಕು, ಬಲ ಹಾಕಬಾರದು, ರೇಜರಿನ ಭಾರವೇ ಸಾಕು. ಇದು ಇಂಟರ್‌ನೆಟ್ಟಿನ ಗುರುಗಳ ಉಪದೇಶ. 30 ಡಿಗ್ರಿ ಎಂದರೆ ಎಷ್ಟು ಎಂದು ಕಣ್ಣಳತೆಯಲ್ಲಿ ಹೇಳುವ ಜಾಣತನ ನನಗಿಲ್ಲ. ಮಗಳ ಹೈಸ್ಕೂಲಿನ ಜಾಮಿಟ್ರಿ ಬಾಕ್ಸಿನಿಂದ ಕೋನಮಾಪಕ ತಂದೆ. ಎಡಗೈಯಲ್ಲಿ ಕೋನಮಾಪಕ, ಬಲಗೈಯಲ್ಲಿ ರೇಜರು, ಕನ್ನಡಿಯ ಮೇಲೆ ಬಿಸಿನೀರಿನ ಆವಿ, ಕಣ್ಣಿಗೆ ಕನ್ನಡಕ ಇಲ್ಲ, ಕನ್ನಡಕದ ಮೇಲೆ ನೊರೆ. 30 ಸಿಕ್ಕಿತು ಎನ್ನುವಷ್ಟರಲ್ಲಿ ದವಡೆ ತಿರುಗುತ್ತದೆ, ಲೆಕ್ಕ ಮತ್ತೆ ಮೊದಲಿಂದ. ಹೈಸ್ಕೂಲಿನಲ್ಲಿ ರೇಖಾಗಣಿತದ ಮೇಷ್ಟ್ರು ‘ಇದು ಮುಂದೆ ನಿನ್ನ ಮುಖಕ್ಕೇ ಬರುತ್ತೆ ಕಣೋ’ ಎಂದು ಒಂದು ಮಾತು ಹೇಳಿದ್ದರೆ ನಾನು ಪಾಠ ಕೇಳಿಸಿಕೊಳ್ಳುತ್ತಿದ್ದೆ.

ಹೊರಗೆ ಬಚ್ಚಲಿಗಾಗಿ ಕ್ಯೂ ಬೆಳೆಯಿತು. ಹೆಂಡತಿ ಬಾಗಿಲು ತಟ್ಟಿದಳು.

“ರೀ, ಒಳಗೆ ಗಡ್ಡ ತೆಗೀತಿದ್ದೀರೋ, ಬೆಳೆಸ್ತಿದ್ದೀರೋ?”

ಆ ಸದ್ದಿಗೆ ಕೈ ಅಲುಗಿತು. ಇಷ್ಟು ವರ್ಷ ಪ್ಲಾಸ್ಟಿಕ್ ರೇಜರನ್ನು ಒತ್ತಿ ಒತ್ತಿ ಎಳೆದ ಕೈ ಅದು, ಉಪದೇಶ ಮರೆತು ಒತ್ತಿಬಿಟ್ಟಿತು. ಗಲ್ಲದ ಗುಳಿ, ಗಂಟಲ ಉಬ್ಬು, ಮೂಗಿನ ಕೆಳಗಿನ ಮೂಲೆ, ಮೂರೂ ಕಡೆ ಕೆಂಪು. ಪಟಿಕ ಉಜ್ಜಿದೆ. ಪಟಿಕದ ಗುಣ ಏನೆಂದರೆ ಅದು ರಕ್ತ ಹೆಪ್ಪುಗಟ್ಟಿಸುವ ಜೊತೆಗೆ ಚರ್ಮವನ್ನೂ ಬಿಗಿಯುತ್ತದೆ, ನೀವು ಗಮನಿಸದೆ ಬಿಟ್ಟ ಗಾಯಗಳನ್ನೂ ಒಂದೊಂದಾಗಿ ಉರಿಸಿ ತೋರಿಸುತ್ತದೆ. ನಾನು ಮೂರು ಎಂದುಕೊಂಡಿದ್ದೆ. ಪಟಿಕದ ಲೆಕ್ಕ ಬೇರೆಯೇ ಇತ್ತು.

ಕೂಗು ಕೇಳಿ ಅಮ್ಮ ಅರಿಶಿನದ ಬಟ್ಟಲು ಹಿಡಿದು ಬಂದಳು. ಹೆಂಡತಿ ಕಾಫಿಪುಡಿ ತಂದಳು.

“ಅರಿಶಿನ ಒತ್ತೋ, ನಂಜಾಗಲ್ಲ.”

“ಅತ್ತೆ, ರಕ್ತ ನಿಲ್ಲೋಕೆ ಕಾಫಿಪುಡಿನೇ ಸರಿ.”

“ಚಿಕೋರಿ ಬೆರೆಸಿದ್ದಾ?”

“ಇಲ್ಲ ಅತ್ತೆ, ಪ್ಯೂರು. ನೆಂಟರು ಬಂದಾಗ ಮಾತ್ರ ತೆಗೆಯೋದು.”

“ಅಯ್ಯೋ, ಅದನ್ನ ಇವನ ಮುಖಕ್ಕೆ ಯಾಕೆ ದಂಡ ಮಾಡ್ತೀಯಾ? ಚಿಕೋರೀದು ತೊಗೊಂಬಾ.”

ಕೊನೆಗೆ ಅತ್ತೆ ಸೊಸೆಯರ ಒಪ್ಪಂದದಂತೆ ಎಡಗಡೆಗೆ ಅರಿಶಿನ, ಬಲಗಡೆಗೆ ಚಿಕೋರಿ. ಅವರಿಬ್ಬರೂ ಅತ್ತ ಹೋದ ಮೇಲೆ ಎಲ್ಲವನ್ನೂ ತೊಳೆದು, ಅಪ್ಪ ಮಾಡುತ್ತಿದ್ದ ಹಾಗೆ ಪೇಪರಿನ ಚೂರು ಹರಿದು ಅಂಟಿಸಿಕೊಂಡೆ. ಅವತ್ತೇ ಹೆಂಡತಿಯ ಕಡೆಯವರ ಗೃಹಪ್ರವೇಶ. ಪೇಪರಿನ ಚೂರು ಮರೆತೇಹೋಗಿತ್ತು. ಪಂಕ್ತಿಯಲ್ಲಿ ಎದುರಿಗೆ ಕೂತಿದ್ದ ಅವಳ ಸೋದರಮಾವ ಕನ್ನಡಕ ಏರಿಸಿ ನನ್ನ ಗಲ್ಲವನ್ನೇ ದಿಟ್ಟಿಸಿ, “ತೀವ್ರ ಕುಸಿತ” ಎಂದು ಗಟ್ಟಿಯಾಗಿ ಓದಿದರು. ಷೇರುಪೇಟೆಯ ಸುದ್ದಿಯ ಚೂರು. ಅವರು ಹೇಳಿದ್ದು ನನ್ನ ಬಗ್ಗೆಯೇ ಎಂದು ಪಂಕ್ತಿಯಲ್ಲಿದ್ದವರು ತಿಳಿದುಕೊಂಡರು. ಒಬ್ಬಿಬ್ಬರು ಹೋಳಿಗೆ ಮೆಲ್ಲುತ್ತಲೇ ಹೌದೆಂಬಂತೆ ತಲೆಯಾಡಿಸಿದರು.

ಕೆನ್ನೆ ತೋರಿಸಲು ಕೊನೆಗೂ ಬೀದಿಯ ಕೊನೆಯ ಸೆಲೂನಿಗೆ ಹೋದೆ. ಅಂಗಡಿಯವರು ಯಾರನ್ನೂ ದೂರಲಿಲ್ಲ. ಹೊಸ ಬ್ಲೇಡನ್ನು ಕಾಗದದಿಂದ ತೆಗೆಯದೆಯೇ ಉದ್ದಕ್ಕೆ ಮಡಿಸಿ ಟಕ್ಕೆಂದು ಎರಡು ಮಾಡಿ, ಅರ್ಧವನ್ನು ಕತ್ತಿಗೆ ಸಿಕ್ಕಿಸಿ, ಅದೇ ಅರ್ಧದಿಂದ ನನ್ನ ಮುಖವನ್ನು ಸಲೀಸಾಗಿ ಮುಗಿಸಿದರು. ಐದು ಬ್ಲೇಡು ಬೇಕೆನಿಸಿದ್ದ ಮುಖಕ್ಕೆ ಅರ್ಧ ಬ್ಲೇಡು ಸಾಕಾಯಿತು! “ಸಾರ್, ನಿಮಗೆ ಗಲ್ಲದ ಕೆಳಗೆ ಕೂದಲು ಎಡಕ್ಕೆ ಮಲಗುತ್ತೆ. ಅಲ್ಲಿ ಮೇಲಿಂದ ಕೆಳಗೆ ಎಳೆದ್ರೂ ಅದು ಸೀದಾ ಅಲ್ಲ, ಅಡ್ಡ. ಮೊದಲು ಸೀದಾ ಹೋಗಿ, ಉಲ್ಟಾಗೆ ಆಸೆ ಪಡಬೇಡಿ” ಎಂದರು. ಇಷ್ಟು ವರ್ಷ ನಾನು ಕನ್ನಡಿಯಲ್ಲಿ ನೋಡುತ್ತಿದ್ದ ಮುಖದ ಭೂಗೋಳ ಅವರಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು.

ಅಲ್ಲಿಂದ ಕೈ ಕುದುರಿತು. ನಿಜ ಹೇಳಬೇಕೆಂದರೆ ಈ ರೇಜರು ಕಾರ್ಟ್ರಿಜ್ಜಿಗಿಂತ ಎಷ್ಟೋ ಮೇಲು. ಗೀರು ಬಿದ್ದ ಕತ್ತು, ಒಳಗೇ ಸುರುಳಿ ಸುತ್ತಿಕೊಂಡು ಗುಳ್ಳೆಯಾಗುವ ಕೂದಲು, ಎರಡೂ ಕಡಿಮೆಯಾದವು. ತೊಡಕು ಬಂದದ್ದು ನೀರಿನ ಕಡೆಯಿಂದ. ನಮ್ಮ ಬಡಾವಣೆಗೆ ಕಾವೇರಿ ಬರುವುದು ದಿನ ಬಿಟ್ಟು ದಿನ. ಉಳಿದ ದಿನ ಬೋರ್‌ವೆಲ್ಲು. ಕಾವೇರಿ ದಿನ ಬ್ರಷ್ಷು ಎರಡು ಸುತ್ತು ತಿರುಗಿಸಿದರೆ ಬಟ್ಟಲು ತುಂಬಾ ನೊರೆ. ಬೋರ್‌ವೆಲ್ ದಿನ ಎಷ್ಟು ಕಡೆದರೂ ಒಡೆದ ಮೊಸರು. ನೀರಿನಲ್ಲಿ ಕರಗಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಸೋಪಿನ ಜೊತೆ ಸೇರಿ ಗಸಿಯಾಗಿಬಿಡುತ್ತದೆ, ನೊರೆಗೆ ಏನೂ ಉಳಿಯುವುದಿಲ್ಲ. ಹಾಗಾದರೆ ಕಾವೇರಿ ದಿನಗಳಲ್ಲಿ ಮಾತ್ರ ಶೇವಿಂಗು ಎಂದು ವೇಳಾಪಟ್ಟಿ ಹಾಕಿದೆ. ಅದಕ್ಕೆ ಅಮ್ಮನ ಪಂಚಾಂಗ ಅಡ್ಡ ಬಂತು. ಮಂಗಳವಾರ ಕೂಡದು, ಸೆಲೂನಿನವರೇ ಅವತ್ತು ಬಾಗಿಲು ಹಾಕುತ್ತಾರೆ. ಶುಕ್ರವಾರ ಲಕ್ಷ್ಮಿ. ಏಕಾದಶಿ, ಅಮಾವಾಸ್ಯೆ, ಹುಣ್ಣಿಮೆ, ಸಂಕಷ್ಟಿ ಹೇಳುವುದೇ ಬೇಡ. ಕಾವೇರಿ ಬಂದ ದಿನ ಏಕಾದಶಿ, ಏಕಾದಶಿ ಇಲ್ಲದ ದಿನ ಬೋರ್‌ವೆಲ್ಲು. ಎರಡೂ ಒದಗಿಬಂದ ದಿನ ಮಗಳು ತಲೆಗೆ ಸ್ನಾನ ಮಾಡಿ ಗೀಸರು ಖಾಲಿ.

ಗತಿಯಿಲ್ಲದೆ ಅಡುಗೆಮನೆಯ ಆರ್‌ಓ ನೀರನ್ನು ಕದ್ದು ಒಂದು ಮಗ್ಗಿನಲ್ಲಿ ಒಯ್ಯತೊಡಗಿದೆ. ಸಿಕ್ಕಿಬಿದ್ದೆ. “ಆ ಮಿಷನ್ನು ಒಂದು ಲೋಟ ನೀರು ಕೊಡೋಕೆ ಅದಕ್ಕಿಂತ ಜಾಸ್ತಿ ನೀರನ್ನ ಮೋರಿಗೆ ಬಿಡುತ್ತೆ. ಗಡ್ಡಕ್ಕೆ ಕುಡಿಯೋ ನೀರು! ಇದೇನಾ ನಿಮ್ಮ ಪರಿಸರ?” ಎಂದು ಹೆಂಡತಿ ಕೇಳುವಾಗ ಮಗಳೂ ಅವಳ ಪಕ್ಕದಲ್ಲಿ ಕೈಕಟ್ಟಿ ನಿಂತಿದ್ದಳು.

ಒಮ್ಮೆ ಸೇಡು ತೀರಿಸಿಕೊಳ್ಳಲು ನೋಡಿದೆ. ಅಮೆರಿಕದ ಎಂಐಟಿಯ ವಿಜ್ಞಾನಿಗಳು ಬ್ಲೇಡು ಯಾಕೆ ಮೊಂಡಾಗುತ್ತದೆ ಎಂದು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿ 2020ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬರೆದಿದ್ದಾರೆ. ಕೂದಲು ಉಕ್ಕಿಗಿಂತ 50 ಪಟ್ಟು ಮೆತ್ತಗೆ. ಆದರೂ ಸರಿಯಾದ ಕೋನದಲ್ಲಿ ಬಾಗಿ ನಿಂತ ಒಂದು ಕೂದಲು ಬ್ಲೇಡಿನ ಅಂಚಿನಲ್ಲೇ ಚಕ್ಕೆ ಎಬ್ಬಿಸಬಲ್ಲದು. “ನೋಡೇ, ಉಕ್ಕನ್ನೇ ಮುರಿಯೋ ಗಡ್ಡ ನಂದು” ಎಂದೆ.

“ಅದೇ ನಾನೂ ಹೇಳೋದು. ಬಗ್ಗಿ ನಡ್ಕೊಂಡ್ರೆ ನಿಮಗೂ ಒಳ್ಳೇದು” ಎಂದಳು.

ಇನ್ನು ಉಳಿದ ಪ್ರಶ್ನೆ, ಹಳೆಯ ಬ್ಲೇಡು ಎಲ್ಲಿಗೆ? ಇದರಲ್ಲಿ ತಮಾಷೆ ನಡೆಯದು. ಕಸಕ್ಕೆ ಹಾಕಿದರೆ ಅದನ್ನು ಕೈಯಿಂದ ಬೇರ್ಪಡಿಸುವ ಪೌರಕಾರ್ಮಿಕರ ಬೆರಳು ಹೋಗುತ್ತದೆ. ಬೆಂಗಳೂರಿನಲ್ಲಿ 2015ರಲ್ಲಿ ಹೈಕೋರ್ಟೇ ಎರಡು ಡಬ್ಬಿ, ಒಂದು ಚೀಲ ಎಂದು ಕಸ ವಿಂಗಡಿಸಲು ಆದೇಶಿಸಿದೆ. ಆ ಆದೇಶದ ಅಮಲ್ದಾರಳಾದ ಮಗಳು ನಮ್ಮ ಮನೆಯಲ್ಲೇ ಇದ್ದಾಳೆ. ಹಿಂದೆ ಅಮೆರಿಕದ ಮನೆಗಳಲ್ಲಿ ಬಚ್ಚಲಿನ ಔಷಧಿ ಬೀರುವಿನ ಹಿಂಬದಿಯಲ್ಲಿ ಸಣ್ಣ ಸೀಳು ಇರುತ್ತಿತ್ತು, ಹಳೆಯ ಬ್ಲೇಡನ್ನು ಅದರೊಳಗೆ ತೂರಿಸಿದರೆ ಗೋಡೆಯ ಪೊಳ್ಳಿನೊಳಗೆ ಬೀಳುತ್ತಿತ್ತು. ಇವತ್ತು ಆ ಮನೆಗಳನ್ನು ರಿಪೇರಿ ಮಾಡಿಸುವವರು ಗೋಡೆ ಒಡೆದರೆ ತುಕ್ಕು ಬ್ಲೇಡಿನ ರಾಶಿ. ಇದು ನನಗೆ ಬಹಳ ಹಿಡಿಸಿತು. ಆದರೆ ನಮ್ಮದು ಬಾಡಿಗೆ ಮನೆ. ಕ್ಯಾಲೆಂಡರ್ ಮೊಳೆ ಹೊಡೆದದ್ದಕ್ಕೇ ಓನರು ಅಡ್ವಾನ್ಸಿನ ಮಾತು ತೆಗೆದಿದ್ದರು.

ಹಾಗಾಗಿ ಬಾದಾಮಿ ಹಾಲಿನ ಪುಡಿಯ ಖಾಲಿ ತಗಡಿನ ಡಬ್ಬಿ. ಮುಚ್ಚಳಕ್ಕೆ ಸ್ಕ್ರೂಡ್ರೈವರ್ ಇಟ್ಟು ಸುತ್ತಿಗೆಯಿಂದ ಹೊಡೆದು ಒಂದು ಸೀಳು ಮಾಡಿ, ಸುತ್ತಲೂ ಎಂ-ಸೀಲ್ ಮೆತ್ತಿ ಯಾವ ಜನ್ಮಕ್ಕೂ ತೆರೆಯದ ಹಾಗೆ ಮುಚ್ಚಿದೆ. ಅಪಾಯದ ಗುರುತಾಗಿ ಕೆಂಪು ಬೊಟ್ಟು ಇಡಬೇಕು ಎಂದು ಮಗಳು ಹೇಳಿದಳು, ನೇಲ್‌ಪಾಲಿಷಿನಲ್ಲಿ ಅವಳೇ ದುಂಡಗೆ ಇಟ್ಟಳು. ಬಚ್ಚಲಲ್ಲಿ ಜಾಗವಿಲ್ಲದೆ ಹೊರಗಿನ ಗೋಡೆಗೂಡಿನಲ್ಲಿ ಇಟ್ಟೆವು. ಪಕ್ಕದಲ್ಲೇ ದೇವರ ಮನೆಯ ಬಾಗಿಲು.

ತಿಂಗಳುಗಳು ಕಳೆದವು. ಒಂದು ದಿನ ಹಳೆಯ ಬ್ಲೇಡು ಹಾಕಿ ಡಬ್ಬಿ ಅಲ್ಲಾಡಿಸಿದೆ. ಬ್ಲೇಡುಗಳ ಸದ್ದು ಸಣ್ಣಗೆ ಕಿರಕಿರ ಎನ್ನಬೇಕು. ಇದು ಝಣಝಣ ಎಂದಿತು. ತೂಕವೂ ವಿಪರೀತ.

“ಹುಷಾರು ಕಣೋ, ತಿಮ್ಮಪ್ಪನ ಮುಡಿಪು ಅದು. ಹಂಗೆಲ್ಲಾ ಕುಲುಕಬಾರ್ದು” ಎಂದು ಅಮ್ಮ ಒಳಗಿಂದ ಓಡಿಬಂದಳು.

ದೇವರ ಮನೆಯ ಪಕ್ಕ, ಮುಚ್ಚಳದಲ್ಲಿ ಸೀಳು, ಮೈಮೇಲೆ ಕುಂಕುಮದ ಬೊಟ್ಟು. ಮಗ ದೇವರ ಹೆಸರಲ್ಲಿ ಹುಂಡಿ ಇಟ್ಟಿದ್ದಾನೆ ಎಂದು ಅಮ್ಮ ಮನಸ್ಸಿನಲ್ಲೇ ಸಂತೋಷಪಟ್ಟು, ದಿನಾ ದೀಪ ಹಚ್ಚಿದ ಮೇಲೆ ಕೈಗೆ ಸಿಕ್ಕಿದ ಚಿಲ್ಲರೆ ಹಾಕುತ್ತಾ ಬಂದಿದ್ದಾಳೆ. ಮನೆಯಲ್ಲಿ ಆಟೋಗೆ ಚಿಲ್ಲರೆ ಯಾಕೆ ಸಿಗುತ್ತಿರಲಿಲ್ಲ ಎಂಬ ಹೆಂಡತಿಯ ಬಹುದಿನಗಳ ಸಂಶಯವೂ ಅಲ್ಲೇ ಪರಿಹಾರವಾಯಿತು.

ಸಭೆ ಸೇರಿತು. ಡಬ್ಬಿ ಒಡೆಯೋಣ ಎಂದೆ. ಮುಡಿಪು ಬೆಟ್ಟದ ಮೇಲಲ್ಲದೆ ಬೇರೆಲ್ಲೂ ಒಡೆಯುವಂತಿಲ್ಲ ಎಂದಳು ಅಮ್ಮ. ಹಾಗೇ ಕಸದವರಿಗೆ ಕೊಡೋಣವೆಂದರೆ ಒಳಗೆ ದೇವರ ದುಡ್ಡು. ಹಾಗೇ ತಿರುಪತಿ ಹುಂಡಿಗೆ ಹಾಕೋಣವೆಂದರೆ ಒಳಗೆ ನನ್ನ ಬ್ಲೇಡು, ಎಣಿಸುವವರ ಕೈ ಏನಾಗಬೇಕು? ಮಗ ಗಡ್ಡ ನೀವುತ್ತಾ, “ಹುಂಡಿಗೆ ಯಾಕೆ? ಕಲ್ಯಾಣಕಟ್ಟೇಲಿ ದಿನಾ ಸಾವಿರಾರು ತಲೆ ಬೋಳಿಸ್ತಾರೆ, ಅವರಿಗೆ ಬೇಕಿರೋದೇ ಬ್ಲೇಡು” ಎಂದು ನಕ್ಕ. ಹೆಂಡತಿ ಐದು ಜನಕ್ಕೆ ರೈಲು, ರೂಮು, ಊಟ ಎಲ್ಲ ಲೆಕ್ಕ ಹಾಕಿ, ಬ್ಲೇಡಿನಲ್ಲಿ ಆದ ಉಳಿತಾಯವನ್ನು ಪಕ್ಕದಲ್ಲಿ ಬರೆದು, ಕಾಗದವನ್ನು ಮಾತಿಲ್ಲದೆ ನನ್ನ ಕಡೆ ತಳ್ಳಿದಳು.

“ಅದಿರ್ಲಿ ಅಜ್ಜೀ, ಹರಕೆ ಏನು?” ಎಂದು ಮಗಳು ಕೇಳಿದಳು.

“ಇನ್ನೇನು? ಇವನನ್ನ ನೋಡೋಕೆ ಬಂದ ಹೆಣ್ಣಿನ ಕಡೆಯೋರೆಲ್ಲಾ ಫೋಟೋ ನೋಡಿ ಹುಡುಗಂಗೆ ವಯಸ್ಸೆಷ್ಟು ಅಂತಾರೆ. ಡಬ್ಬಿ ತುಂಬಿದ ದಿನ ಎಲ್ಲರೂ ಬೆಟ್ಟಕ್ಕೆ ಹೋಗಿ, ಮೊಮ್ಮಗನ ಗಡ್ಡ ತಿಮ್ಮಪ್ಪನಿಗೆ ಒಪ್ಪಿಸ್ತೀನಿ ಅಂತ ಹೇಳ್ಕೊಂಡಿದ್ದೀನಿ.”

ಮಗನ ಮುಖ, ಗಡ್ಡ ಬಿಟ್ಟು ಎಷ್ಟು ಕಾಣುತ್ತಿತ್ತೋ ಅಷ್ಟೂ ಬಿಳಿಚಿಕೊಂಡಿತು. ಅಮ್ಮನ ಚಿಲ್ಲರೆ ಬೀಳುವ ವೇಗ, ನನ್ನ ಬ್ಲೇಡು ಬೀಳುವ ವೇಗ, ಡಬ್ಬಿಯಲ್ಲಿ ಉಳಿದ ಜಾಗ, ಎಲ್ಲವನ್ನೂ ಅವನು ಮನಸ್ಸಿನಲ್ಲೇ ಗುಣಿಸುತ್ತಿದ್ದದ್ದು ಕಾಣುತ್ತಿತ್ತು. ಅಂದಿನಿಂದ ಪರಿಸರದ ಬಗ್ಗೆ ಅವನ ಕಾಳಜಿ ಹೇಳತೀರದು. ನಾನು ಹೊಸ ಬ್ಲೇಡು ಬಿಚ್ಚಲು ಹೊರಟರೆ ಸಾಕು, ಎಲ್ಲಿಂದಲೋ ಬಂದು, “ಅಪ್ಪಾ, ಅದು ಇನ್ನೂ ಚೆನ್ನಾಗಿದೆ, ಯಾಕೆ ಬಿಸಾಡ್ತೀಯಾ?” ಎನ್ನುತ್ತಾನೆ. ಅಜ್ಜ ಉಜ್ಜುತ್ತಿದ್ದರಲ್ಲ ಎಂದು ಅಂಗಡಿಯಿಂದ ಗಾಜಿನ ಲೋಟ ಕೂಡ ತಂದುಕೊಟ್ಟಿದ್ದಾನೆ. ಮೊನ್ನೆ ಬಚ್ಚಲ ಬಾಗಿಲಿಗೆ ಒರಗಿ ನನ್ನನ್ನೇ ನೋಡುತ್ತಾ ನಿಂತಿದ್ದವನು, ಎಂದೂ ಇಲ್ಲದ ಮಮತೆಯಿಂದ, “ಅಪ್ಪಾ, ಇಷ್ಟೆಲ್ಲಾ ಯಾಕೆ ಕಷ್ಟ ಪಡ್ತೀಯಾ? ಗಡ್ಡ ಬಿಟ್ಬಿಡು. ನಿನಗೂ ಸೂಟ್ ಆಗುತ್ತೆ ಕಣಪ್ಪಾ” ಎಂದ.

“ಬಿಡಲಿ ಬಿಡು” ಎಂದಳು ದೇವರ ಮನೆಯೊಳಗಿಂದ ಅಮ್ಮ. “ಅದಕ್ಕೂ ದಿನಾ ಒಂದು ರೂಪಾಯಿ ಹಾಕ್ತೀನಿ.”